ತಾಮ್ರದ ಚೀಟಿ

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಟೇಪು. ಪೇಂಟರುಗಳು ಗೋಡೆಯ ಅಂಚಿಗೆ ಹಚ್ಚಿ, ಬಣ್ಣ ಒಣಗಿದ ಮೇಲೆ ಕಿತ್ತು ಬಿಸಾಡುತ್ತಾರಲ್ಲ, ಎರಡು ಬೆರಳಗಲದ ಆ ಕಾಗದದ ಟೇಪು. ಬೆಳಗ್ಗೆ ಹತ್ತು ಗಂಟೆಗೆ ಅದೊಂದು ಸುರುಳಿ ವರ್ಕ್‌ಶಾಪಿನ ಕಪಾಟಿನಲ್ಲಿ ಇದ್ದಿದ್ದರೆ ಪಾಯಿಂಟಣ್ಣನಿಗೆ ಅಳುವ ಕೆಲಸವೂ ಇರುತ್ತಿರಲಿಲ್ಲ, ನನಗೆ ಹೇಳುವ ಕೆಲಸವೂ ಇರುತ್ತಿರಲಿಲ್ಲ.

ಪಾಯಿಂಟಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅಂಗಡಿ ಬೋರ್ಡು, ನಾಮಫಲಕ, ಬಾಗಿಲ ನಂಬರು ಮಾಡುವ ವರ್ಕ್‌ಶಾಪಿನಲ್ಲಿ ಅವನು ಸಿಎನ್‌ಸಿ ರೂಟರ್ ಓಡಿಸುವವನು. ಮಂಚದಷ್ಟು ದೊಡ್ಡ ಯಂತ್ರ. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಅದರ ಬಿಟ್ಟು, ಅಂದರೆ ಕೊರೆಯುವ ಉಳಿ, ಗಿರಗಿರ ತಿರುಗುತ್ತ ಓಡಾಡಿ ಮರ, ಪ್ಲಾಸ್ಟಿಕ್ಕು, ಲೋಹ ಏನು ಕೊಟ್ಟರೂ ಕೊರೆಯುತ್ತದೆ. ಹದಿನೆಂಟು ವರ್ಷ ಅದರ ಸಹವಾಸ ಮಾಡಿ ಅವನ ಬಾಯಿಗೆ ದಶಾಂಶದ ರೋಗ ಹತ್ತಿತ್ತು. ಚಹಾಕ್ಕೆ ಹಾಲು ಸಾಕೇ ಎಂದು ಕೇಳಿದರೆ "ಪಾಯಿಂಟ್ ಐದು ಹೆಚ್ಚಾಯ್ತು" ಎನ್ನುವನು. ತಗಡನ್ನು ಹೆಬ್ಬೆರಳಲ್ಲಿ ಸವರಿ "ಪಾಯಿಂಟ್ ಮೂರು" ಎಂದರೆ ಮತ್ತೆ ಅಳೆಯುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಅವನ ಹೆಂಡತಿ ತೀರಿಕೊಂಡು ನಾಳೆಗೆ ಒಂದು ವರ್ಷ. ನಾಲ್ಕು ತಿಂಗಳು ಹಾಸಿಗೆ ಹಿಡಿದು ಹೋದಳು. ಹೋದ ಮೇಲೆ ದಿಂಬಿನ ಕೆಳಗೆ ಒಂದು ಚೀಟಿ ಸಿಕ್ಕಿತು. ನೀಲಿ ಪೆನ್ಸಿಲಿನಲ್ಲಿ, ದುಂಡು ದುಂಡಗಿನ ದೊಡ್ಡ ಅಕ್ಷರದಲ್ಲಿ ಒಂದು ಪಟ್ಟಿ: "ಬೆಂಕಿಪೊಟ್ಟಣ ಎರಡು. ಬಟ್ಟೆ ಸೋಪು. ಬಿಳಿ ದಾರ. ಅವರ ಎಡಗಾಲಿನ ಚಪ್ಪಲಿ ಹೊಲಿಸಬೇಕು. ಅವರ ಕನ್ನಡಕಕ್ಕೆ ಡಬ್ಬಿ. ಹೇಳದಿದ್ದರೆ ಅವರಿಗೆ ನೆನಪಾಗುವುದಿಲ್ಲ."

ಅವಳಿಗೆ ಬರೆಯುವ ಅಭ್ಯಾಸವೇ ಇರಲಿಲ್ಲ. ಫೋನ್ ನಂಬರುಗಳೆಲ್ಲ ಬಾಯಲ್ಲಿ, ನೆಂಟರ ಸುದ್ದಿಯೆಲ್ಲ ಬಾಯಲ್ಲಿ. ಆದ್ದರಿಂದ ಪಾಯಿಂಟಣ್ಣನ ಪಾಲಿಗೆ ಅವಳ ಕೈಬರಹ ಅಂತ ಉಳಿದದ್ದು ಆ ಅಂಗೈಯಗಲದ ಚೀಟಿ ಮಾತ್ರ. ವರ್ಷವಿಡೀ ಪರ್ಸಿನಲ್ಲಿಟ್ಟು, ದಿನಕ್ಕೆರಡು ಸಲ ಬಿಚ್ಚಿ, ಮಡಿಕೆಗಳು ಹರಿಯುವುದಕ್ಕೆ ಬಂದಿದ್ದವು. ನೀಲಿ ಬಣ್ಣ ಮಾಸಿ, 'ಚಪ್ಪಲಿ' ಓದಲು ಬೆಳಕಿಗೆ ಹಿಡಿಯಬೇಕಿತ್ತು. ಇನ್ನಾರು ತಿಂಗಳು ಹೋದರೆ ಖಾಲಿ ಕಾಗದ. ಅದು ಅಳಿಸಿಹೋಗುವ ಮೊದಲು ತಾಮ್ರದ ಮೇಲೆ ಕೊರೆದಿಡಬೇಕು ಎಂದು ಅವನು ಹಟ ಹಿಡಿದಿದ್ದ.

ತಾಮ್ರವೇ ಯಾಕೆ ಅಂದರೆ ಅದಕ್ಕೂ ಅವಳೇ ಕಾರಣ. ಅವನ ಅಂಗಿ ಒಗೆಯುವಾಗ ತಾಮ್ರದ ಸಿಬುರು ಬೆರಳಿಗೆ ಚುಚ್ಚಿ, "ಅಕ್ಕಸಾಲಿಗನ ಹೆಂಡತಿಗೆ ಬಂಗಾರ, ನನಗೆ ಈ ಮುಳ್ಳು" ಎಂದು ಗೊಣಗುತ್ತಿದ್ದಳು. ಗೊಣಗಿದರೂ ಆ ಕೆಂಪು ಚೂರುಗಳನ್ನು ಆರಿಸಿ ಗುಂಡಿಯ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಇದ್ದಾಗ ಒಂದು ತುಂಡು ತಾಮ್ರ ಕೊರೆದು ಕೊಡಲಿಲ್ಲ ಎಂಬ ಸಂಕಟ ಅವನಿಗೆ ಈಗ ಶುರುವಾಗಿತ್ತು.

ಮಾಲೀಕರು ಒಪ್ಪಿದ್ದರು. ಮಧ್ಯಾಹ್ನ ಎರಡರವರೆಗೆ ಯಂತ್ರ ಅವನದು. ಎರಡಕ್ಕೆ ಯಾವುದೋ ಹೋಟೆಲಿನ ಕೋಣೆ ನಂಬರುಗಳು ಶುರುವಾಗಬೇಕು. ಇದ್ದದ್ದು ಒಂದೇ ಒಂದು ತಾಮ್ರದ ತಗಡು, ಪಾಯಿಂಟ್ ಮೂರು ಮಿಲಿಮೀಟರ್ ದಪ್ಪದ್ದು.

ಇಂಥ ತೆಳು ತಾಮ್ರ ಹೊಸದಾಗಿ ಅತ್ತೆಮನೆಗೆ ಬಂದ ಅಳಿಯನ ಹಾಗೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಕ್ಲಾಂಪು ಬಿಗಿದರೆ ನಡುವೆ ಹೊಟ್ಟೆ ಬರುತ್ತದೆ, ಬಿಟ್ಟು ಆ ಹೊಟ್ಟೆಯನ್ನು ಸೀಳುತ್ತದೆ. ಅದಕ್ಕೆ ಕಸುಬಿನವರು ಕಂಡುಕೊಂಡ ದಾರಿ ಹೀಗೆ: ಯಂತ್ರದ ಹಲಗೆಗೆ ಕಾಗದದ ಟೇಪು ಹಚ್ಚಬೇಕು, ತಗಡಿನ ಬೆನ್ನಿಗೂ ಟೇಪು ಹಚ್ಚಬೇಕು, ಎರಡು ಟೇಪುಗಳ ನಡುವೆ ಫೆವಿಕ್ವಿಕ್ ಥರದ ಗೋಂದು ಹಾಕಿ ಒತ್ತಿ ಹಿಡಿಯಬೇಕು. ಕೆಲಸ ಮುಗಿದ ಮೇಲೆ ಅಸಿಟೋನ್ ಸುರಿದರೆ ಗೋಂದು ಬಿಡುತ್ತದೆ, ತಗಡು ಸೊಟ್ಟಗಾಗದೆ ಕೈಗೆ ಬರುತ್ತದೆ.

ಚೀಟಿಯನ್ನು ಸ್ಕ್ಯಾನ್ ಮಾಡಿ ಗೆರೆ ಎಳೆದುಕೊಡುವ ಕೆಲಸ ಕಂಪ್ಯೂಟರಮ್ಮನದು. ಡಿಸೈನಿನ ಮೇಜಿನಲ್ಲಿ ಕೂತೇ ಕೂದಲು ನರೆತ ಹೆಂಗಸು. ಒಳ್ಳೆಯವಳು, ಆದರೆ ಸೊಟ್ಟ ಕಂಡರೆ ಸುಮ್ಮನಿರಲಾರಳು. ಪಾಯಿಂಟಣ್ಣ ಮುಖ ತೊಳೆದು ಬರುವಷ್ಟರಲ್ಲಿ ಅಕ್ಷರಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಶಾಲೆಯ ಡ್ರಿಲ್ ಮಾಡಿಸಿದ್ದಳು. ಬೆಂಕಿಪೊಟ್ಟಣ, ಸೋಪು ಎಲ್ಲ ಯಾಕೆ, "ಸದಾ ನೆನಪಿನಲ್ಲಿ" ಅಂತ ಹಾಕಿದರೆ ಗೌರವವಾಗಿರುತ್ತೆ ಎಂದೂ ಸೂಚಿಸಿದಳು. ಅಷ್ಟರಲ್ಲಿ ವರ್ಕ್‌ಶಾಪಿನ ಪೇಂಟರ್ ಬಂದು ಇಣುಕಿ, ಮೂಲೆಗೊಂದು ಪಾರಿವಾಳ ಇದ್ದರೆ ತುಂಬಾ ಚೆನ್ನ ಎಂದ. ಈ ಪೇಂಟರಿಗೆ ಪಾರಿವಾಳ ಮಾತ್ರ ಬರುತ್ತಿತ್ತು.

"ಅವಳು ಹೇಗೆ ಬರೆದಿದ್ಲೋ ಹಾಗೇ ಇರ್ಲಿ" ಎಂದ ಪಾಯಿಂಟಣ್ಣ. "ಸೋಪೂ ಇರ್ಲಿ."

ಕಂಪ್ಯೂಟರಮ್ಮ ನಿಟ್ಟುಸಿರುಬಿಟ್ಟು ಒಂದೊಂದೇ ಅಕ್ಷರವನ್ನು ಮತ್ತೆ ಮೊದಲಿನಂತೆ ಮಾಡಿಕೊಟ್ಟಳು. ಅದಕ್ಕೆ ಒಂದು ಗಂಟೆ ಹೋಯಿತು. ಇತ್ತ ಕಪಾಟು ತೆಗೆದರೆ ಟೇಪಿನ ಸುರುಳಿಗಳಿದ್ದ ಜಾಗದಲ್ಲಿ ಬರೀ ರಟ್ಟಿನ ಬಳೆಗಳು. ಪೇಂಟರ್ ನಿನ್ನೆ ಯಾವುದೋ ಅಂಗಡಿಯ ಗಾಜಿಗೆ ಅಷ್ಟನ್ನೂ ಮುಗಿಸಿದ್ದ. ತರಲು ಹೇಳಿದ್ದೇನೆ, ಸಂಜೆ ಬರುತ್ತೆ ಎಂದು ಅವನು ಸಮಾಧಾನ ಹೇಳಿದ. ಹಾರ್ಡ್‌ವೇರ್ ಅಂಗಡಿಗೆ ಅವತ್ತು ರಜ. ಪಾಯಿಂಟಣ್ಣನಿಗೆ ಮನೆಯ ಅಡುಗೆಕೋಣೆಯ ಡ್ರಾಯರಿನಲ್ಲಿ ಒಂದು ಸುರುಳಿ ಕಂಡ ನೆನಪಾಯಿತು. ಮನೆ ಎರಡು ಬೀದಿ ಆಚೆ. ಹೊರಟ.

ಹೊರಟನೇನೋ ಸರಿ, ಆದರೆ ಎದುರುಮನೆಯಲ್ಲಿ ಟೈಲರ್ ಅಕ್ಕ ಇದ್ದಳಲ್ಲ.

ಟೈಲರ್ ಅಕ್ಕನ ಹೊಲಿಗೆ ಯಂತ್ರ ಕಿಟಕಿಯ ಬಳಿ ಇತ್ತು, ಕಿಟಕಿ ಪಾಯಿಂಟಣ್ಣನ ಬಾಗಿಲಿಗೆ ನೇರವಾಗಿತ್ತು. ಬೀದಿಯಲ್ಲಿ ನೊಣ ಹಾರಿದರೂ ಎಲ್ಲಿಗೆ ಎಂದು ಕೇಳುವವಳು. ಅವನ ಹೆಂಡತಿ ಮಲಗಿದ್ದ ನಾಲ್ಕು ತಿಂಗಳು ಅವಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಗಂಜಿ ಕುಡಿಸಿದ್ದು ಈಕೆಯೇ. ಆ ಋಣ ಪಾಯಿಂಟಣ್ಣ ಮರೆತಿರಲಿಲ್ಲ. ಆದರೆ ಆಮೇಲೆ ಅಕ್ಕ ಅವನ ಅಡುಗೆಕೋಣೆಯನ್ನೂ ಆಳತೊಡಗಿದಳು ಎಂಬುದು ಅವನ ದೂರು. ಇಪ್ಪತ್ತಾರು ವರ್ಷ ಅಡುಗೆಕೋಣೆಯ ಹೊಸ್ತಿಲಲ್ಲೇ ನಿಂತು ಲೋಟ ಇಸಿದುಕೊಂಡ ಮಹಾನುಭಾವ ಇವನು. ಹೆಂಡತಿ ಹೋದ ಮೇಲೆ ಮೊದಲ ಸಲ ಒಳಗೆ ಕಾಲಿಟ್ಟರೆ ಪ್ರತಿ ಡಬ್ಬಿಯ ಮೇಲೂ ಟೇಪು ಅಂಟಿಸಿ, ಇರುವೆ ಸಾಲಿನಂಥ ಸಣ್ಣ ಓರೆ ಅಕ್ಷರದಲ್ಲಿ ಅಪ್ಪಣೆ ಬರೆದಿತ್ತು. "ಉಪ್ಪು." "ಸೋಡಾ, ಉಪ್ಪಲ್ಲ." "ಸಕ್ಕರೆ, ನಿಮಗಲ್ಲ."

ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಿಜ. ಆದರೂ ತನ್ನ ಮನೆಯ ಸಕ್ಕರೆಗೆ ಎದುರುಮನೆಯವರ ಕಾನೂನು ಏನು? ಆರು ತಿಂಗಳು ಸಹಿಸಿ, ಒಂದು ಭಾನುವಾರ ವರ್ಕ್‌ಶಾಪಿನಿಂದ ಅಸಿಟೋನ್ ತಂದು, ಟೇಪು ಕಿತ್ತು, ಡಬ್ಬಿಗಳನ್ನೆಲ್ಲ ಕನ್ನಡಿಯ ಹಾಗೆ ಒರೆಸಿಟ್ಟಿದ್ದ. ಟೈಲರ್ ಅಕ್ಕ ಬಂದು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು, ಮುಖ ತಿರುಗಿಸಿಕೊಂಡು ಹೊರಟುಹೋದಳು. ಗೆದ್ದೆ ಅಂದುಕೊಂಡ ಪಾಯಿಂಟಣ್ಣ. ಆ ವಾರವೇ ತರಕಾರಿಗೆ ಉಪ್ಪೆಂದು ಒಗೆಯುವ ಸೋಡಾ ಹಾಕಿಕೊಂಡು ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಈಗ ಅಕ್ಕನ ಕೈಗೆ ಸಿಕ್ಕರೆ ಯಾಕೆ, ಏನು, ಊಟ ಆಯಿತೇ ಎಂದು ಅರ್ಧ ಗಂಟೆ ಹೋಗುತ್ತದೆ. ಆದ್ದರಿಂದ ಹಿತ್ತಲ ಕಡೆಯಿಂದ ಬಗ್ಗಿಕೊಂಡು ಬಂದು, ಸದ್ದಾಗದಂತೆ ಬಾಗಿಲು ತೆಗೆದು, ತನ್ನ ಮನೆಗೆ ತಾನೇ ಕಳ್ಳನಂತೆ ನುಗ್ಗಿದ. ಡ್ರಾಯರಿನ ಮೂಲೆಯಲ್ಲಿ ಸುರುಳಿ ಸಿಕ್ಕಿತು, ಮೇಲಿನ ಒಂದು ಸುತ್ತಿನ ತುಂಬ ಅದೇ ಇರುವೆ ಸಾಲು. ಮತ್ತೆ ಅಂಟಿಸೋದಕ್ಕೆ ತಯಾರಿ ಮಾಡಿಟ್ಟಿದ್ದಾಳೆ ಎಂದು ಹಲ್ಲು ಕಡಿದು, ಸುರುಳಿಯನ್ನು ಅಂಗಿಯೊಳಗೆ ಸೇರಿಸಿದ. ತಿರುಗುವಷ್ಟರಲ್ಲಿ ಹಿಂದಿನ ಬಾಗಿಲ ಚಿಲಕ ಹೊರಗಿನಿಂದ ಬಿತ್ತು.

"ಕಳ್ಳ! ಸಿಕ್ಕಿಬಿದ್ದ, ಬನ್ನಿ!" ಎಂದು ಹೊರಗೆ ಟೈಲರ್ ಅಕ್ಕನ ಗಂಟಲು.

ಪಾಯಿಂಟಣ್ಣ ನಾನೇ ಅಕ್ಕ ಎಂದು ಕೂಗಿದ. ನಾನೇ ಅನ್ನೋ ಕಳ್ಳರನ್ನ ಬೇಕಾದಷ್ಟು ನೋಡಿದ್ದೀನಿ ಎಂದು ಉತ್ತರ ಬಂತು. ಮುಂದಿನ ಬಾಗಿಲಿಗೆ ಅವನೇ ಬೆಳಗ್ಗೆ ಹೊರಗಿನಿಂದ ಬೀಗ ಹಾಕಿದ್ದ. ಆಚೆ ನಾಲ್ಕೈದು ಜನ ಸೇರಿದ ಗುಜುಗುಜು. ಒಬ್ಬರು ಪೊಲೀಸರಿಗೆ ಫೋನ್ ಮಾಡೋಣ ಎಂದರು, ಇನ್ನೊಬ್ಬರು ಮೊದಲು ನಾಲ್ಕು ಬಿಡೋಣ ಎಂದರು. ಗಡಿಯಾರ ಹನ್ನೆರಡು ದಾಟುತ್ತಿತ್ತು.

ಕೊನೆಗೆ ಅಕ್ಕ ಬಾಗಿಲಿಗೆ ಬಾಯಿ ಹಚ್ಚಿ ಕೇಳಿದಳು, "ಪಾಯಿಂಟಣ್ಣನೇ ಆದ್ರೆ ಹೇಳಿ, ಎಡಗಾಲಿನ ಚಪ್ಪಲಿ ಹೊಲಿಸಿದ್ರಾ?"

"ಇಲ್ಲ" ಎಂದಿತು ಸಣ್ಣ ದನಿ.

"ಅವರೇ" ಎಂದು ಅಕ್ಕ ಚಿಲಕ ತೆಗೆದಳು. ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ತಂತಿ ಕಟ್ಟಿದ ಆ ಚಪ್ಪಲಿಯನ್ನು ಅವನು ದಿನಾ ಎಳೆದುಕೊಂಡು ಓಡಾಡುವುದನ್ನು ಬೀದಿಯೇ ನೋಡಿತ್ತು, ಹಾಗಾಗಿ ಆ ಪ್ರಶ್ನೆ ಅವನಿಗೆ ವಿಚಿತ್ರ ಅನ್ನಿಸಲಿಲ್ಲ. ಅಂಗಿಯೊಳಗೆ ಅದೇನು ಉಬ್ಬಿದೆ ಎಂದು ಅವಳು ಕೇಳಿದಾಗ ಮಾತ್ರ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ತಾನಾಗಿ ಅಲ್ಲಿಗೆ ಹೋಯಿತು. ಏನಿಲ್ಲ, ಹೊಟ್ಟೆ ಉಬ್ಬರ ಎಂದು ಹೇಳಿ ಓಡಿದ. ಅಯ್ಯೋ ಪುಣ್ಯಾತ್ಮ, ಅಲ್ಲೇ ಅಂಗಿ ಬಿಚ್ಚಿ ತೋರಿಸಿದ್ದರೆ ಮುಗಿದು ಹೋಗುತ್ತಿತ್ತು.

ವರ್ಕ್‌ಶಾಪಿಗೆ ಬಂದು ಹಲಗೆ ಒರೆಸಿ ಟೇಪು ಹಚ್ಚತೊಡಗಿದ. ಬರೆದಿದ್ದ ಸುತ್ತು ಹಲಗೆಗೆ, ಖಾಲಿ ಇದ್ದದ್ದು ತಾಮ್ರದ ಬೆನ್ನಿಗೆ. ಒಂದೊಂದು ಪಟ್ಟಿ ಒತ್ತುವಾಗಲೂ ಪೇಂಟರಿಗೆ ಕೇಳುವಂತೆ ಓದಿ ಅಣಕಿಸಿದ. ಉಪ್ಪು. ಸೋಡಾ, ಉಪ್ಪಲ್ಲ. ಮಾತ್ರೆ, ಊಟ ಆದ ಮೇಲೆ. ಸಕ್ಕರೆ, ನಿಮಗಲ್ಲ. ಎದುರುಮನೆಯವರ ದರ್ಬಾರು ನೋಡು ಎಂದ. ಪೇಂಟರ್ ನಕ್ಕ. ಅದರ ಮೇಲೆ ಗೋಂದು ಬಿತ್ತು, ಗೋಂದಿನ ಮೇಲೆ ತಾಮ್ರ ಕೂತಿತು.

ಬಿಟ್ಟು ಇಳಿಯಿತು. ಪಾಯಿಂಟ್ ಒಂದು ಆಳ. ಸೀಟಿ ಹೊಡೆದಂಥ ಸಣ್ಣ ಸದ್ದಿನೊಂದಿಗೆ ಕೆಂಪು ಪುಡಿ ಏಳುತ್ತ 'ಬೆಂಕಿಪೊಟ್ಟಣ' ಮೂಡಿತು. ತಾಮ್ರ ಮೆತ್ತನೆಯ ಲೋಹ, ಬಿಸಿಯಾದರೆ ಬಿಟ್ಟಿಗೇ ಮೆತ್ತಿಕೊಳ್ಳುತ್ತದೆ. ಅದಕ್ಕೆ ಪಾಯಿಂಟಣ್ಣ ಪಕ್ಕದಲ್ಲೇ ನಿಂತು, ಮಗುವಿನ ಕಿವಿಗೆ ಬಿಡುವ ಹಾಗೆ ಹನಿ ಹನಿ ಎಣ್ಣೆ ಬಿಡುತ್ತಿದ್ದ. 'ಬಿಳಿ ದಾರ' ಮುಗಿಯಿತು. 'ಚಪ್ಪಲಿ'ಯ ಚ ಮುಗಿಯಿತು. ಅಷ್ಟರಲ್ಲಿ ಪೇಂಟರ್ ಆ ಕಡೆ ತನ್ನ ಬಣ್ಣ ಬೇಗ ಒಣಗಲೆಂದು ಬಿಸಿಗಾಳಿ ಗನ್ನನ್ನು ಪ್ಲಗ್ಗಿಗೆ ಹಾಕಿದ. ಟಪ್ ಎಂದು ಇಡೀ ವರ್ಕ್‌ಶಾಪಿನ ಕರೆಂಟು ಹೋಯಿತು.

ಯಂತ್ರಕ್ಕೆ ಕರೆಂಟು ಹೋದರೆ ತಾನೆಲ್ಲಿದ್ದೆ ಎಂಬ ಜ್ಞಾನವೂ ಹೋಗುತ್ತದೆ. ಮತ್ತೆ ಮೊದಲ ಮೂಲೆಯನ್ನು ಹುಡುಕಿ, ಝೀರೋ ಕೂರಿಸಿ, ಬಿಟ್ಟ ಜಾಗದಿಂದ ಶುರು ಮಾಡಬೇಕು. ಕೂದಲೆಳೆ ಜರುಗಿದರೆ ಅಕ್ಷರಗಳೆಲ್ಲ ಎರಡೆರಡಾಗಿ ಕಾಣುತ್ತವೆ. ಇದ್ದದ್ದು ಒಂದೇ ತಗಡು. ಪಾಯಿಂಟಣ್ಣ ಯಾರನ್ನೂ ಬೈಯಲಿಲ್ಲ. ಹಲಗೆಯ ಮೇಲೆ ಕೆನ್ನೆ ಇಟ್ಟು, ಒಂದು ಕಣ್ಣು ಮುಚ್ಚಿ, ಹದಿನೆಂಟು ವರ್ಷದ ವಿದ್ಯೆಯನ್ನೆಲ್ಲ ಒಂದು ಬೆರಳಿಗೆ ತಂದುಕೊಂಡು ಬಿಟ್ಟನ್ನು ಮೂಲೆಗೆ ತಂದ. ಕಂಪ್ಯೂಟರಮ್ಮ ಉಸಿರು ಬಿಗಿಹಿಡಿದು ನಿಂತಳು. ಯಂತ್ರ ಮತ್ತೆ ಇಳಿದು 'ಪ್ಪ'ವನ್ನು 'ಚ'ದ ಪಕ್ಕ ಎಲ್ಲಿರಬೇಕೋ ಅಲ್ಲೇ ಇಟ್ಟಿತು.

ಒಂದೂ ಐವತ್ತಕ್ಕೆ ಬಿಟ್ಟು ಸುತ್ತ ಅಂಚು ಕತ್ತರಿಸಿ, ತಾಮ್ರ ದಾಟಿ, ಕೆಳಗಿನ ಟೇಪನ್ನೂ ಸೀಳಿ ನಿಂತಿತು. ಪ್ರಾಯಶ್ಚಿತ್ತ ಮಾಡಲು ಕಾದಿದ್ದ ಪೇಂಟರ್ ಅಸಿಟೋನಿನ ಅರ್ಧ ಬಾಟಲಿಯನ್ನು ತಗಡಿನ ಮೇಲೆಲ್ಲ ಸುರಿದುಬಿಟ್ಟ. ತಗಡು ಒಂದಿಷ್ಟೂ ಬಾಗದೆ ಎದ್ದು ಬಂತು. ಬೆಳಕಿಗೆ ಹಿಡಿದರೆ, ಹೇಳದಿದ್ದರೆ ಅವರಿಗೆ ನೆನಪಾಗುವುದಿಲ್ಲ ಎಂಬ ಸಾಲು ಹೊಸ ತಾಮ್ರದಲ್ಲಿ ಹೊಳೆಯುತ್ತಿತ್ತು. ಪಾಯಿಂಟಣ್ಣ ಅದನ್ನು ಎದೆಗೆ ಒತ್ತಿಕೊಂಡು ಎಲ್ಲರ ಮುಂದೆಯೇ ಅತ್ತ. ಪಾರಿವಾಳ ಇಲ್ಲದಿದ್ದರೂ ಚೆನ್ನಾಗಿದೆ ಎಂದು ಪೇಂಟರೂ ಕಣ್ಣೊರೆಸಿಕೊಂಡ.

ಸಂಜೆ ಮನೆಗೆ ಬಂದು, ಮುಂಬಾಗಿಲಿನಿಂದಲೇ ಬಂದು, ಫಲಕವನ್ನು ಅಡುಗೆಕೋಣೆಯ ಗೋಡೆಗೆ ತೂಗುಹಾಕಿದ. ಮನಸ್ಸು ತುಂಬಿದಾಗ ಹಗೆ ಉಳಿಯುವುದಿಲ್ಲ. ಅವಳಿಗೆ ಗಂಜಿ ಕುಡಿಸಿದ ಕೈ, ಅವಳೂ ನೋಡಲಿ ಎಂದು ಟೈಲರ್ ಅಕ್ಕನನ್ನು ತಾನೇ ಹೋಗಿ ಕರೆತಂದ.

ಅಕ್ಕ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಒಂಥರಾ ನಾಚಿಕೆ.

"ಅಯ್ಯೋ ಅಣ್ಣ, ಇದು ನನ್ನ ಅಕ್ಷರ ಅಲ್ವಾ?"

ಪಾಯಿಂಟಣ್ಣನಿಗೆ ಅರ್ಥವಾಗಲಿಲ್ಲ.

"ಬಟ್ಟೆಗೆ ಗುರುತು ಹಾಕೋ ನನ್ನ ನೀಲಿ ಪೆನ್ಸಿಲ್ಲು. ಅವಳು ಹೇಳ್ತಾ ಹೋದ್ಲು, ನಾನು ಬರ್ಕೊಂಡೆ. ಆಮೇಲೆ ಚೀಟಿ ಎಲ್ಲಿ ಹೋಯ್ತೋ ಅಂತ ಎಷ್ಟು ಹುಡುಕಿದ್ದೆ." ಅವಳು ಬೆರಳಿನಿಂದ ತಾಮ್ರವನ್ನು ಸವರಿದಳು. "ಆದ್ರೂ ನೋಡಿ, ನನ್ನ ಅಕ್ಷರ ತಾಮ್ರದಲ್ಲಿ ಎಷ್ಟು ಚೆನ್ನಾಗಿ ಬಂದಿದೆ."

ಪಾಯಿಂಟಣ್ಣ ಅಲ್ಲೇ ಮಣೆಯ ಮೇಲೆ ಕುಳಿತ. ಪಾಯಿಂಟ್ ಸೊನ್ನೆ ಐದು ವ್ಯತ್ಯಾಸವನ್ನು ಕಣ್ಣು ಮುಚ್ಚಿ ಹೇಳುವವನು ಇಪ್ಪತ್ತಾರು ವರ್ಷ ಜೊತೆಗಿದ್ದವಳ ಅಕ್ಷರ ಹೇಗಿತ್ತು ಎಂದು ಎದುರುಮನೆಯವರನ್ನು ಕೇಳಬೇಕಾಯಿತು.

"ಹಾಗಾದ್ರೆ ಅವಳದು ಯಾವುದು ಅಕ್ಕ?"

"ಡಬ್ಬಿ ಮೇಲಿದ್ದಿದ್ದು. ನೀವೇ ಒರೆಸಿಬಿಟ್ರಲ್ಲ." ಅಕ್ಕನ ದನಿ ಇಳಿಯಿತು. "ಅವಳೇ, ಆ ಪಟ್ಟಿ ಬೇಕಾದ್ರೆ ನೀನು ಬರಿ, ಡಬ್ಬಿದು ಮಾತ್ರ ನಾನೇ ಬರೀಬೇಕು, ಅದು ಅವರಿಗೆ ಅಂದ್ಲು. ಕೂರಕ್ಕಾಗ್ತಿರ್ಲಿಲ್ಲ. ಮಲಗಿಕೊಂಡೇ, ಟೇಪಿನ ಸುರುಳೀನ ಎದೆ ಮೇಲಿಟ್ಕೊಂಡು, ದಿನಕ್ಕೊಂದು ಹೆಸರು ಬರೀತಿದ್ಲು. ಅದಕ್ಕೇ ಅಷ್ಟು ಸಣ್ಣಕ್ಕೆ, ಓರೆಯಾಗಿ. ನೀವು ಒರೆಸಿದಾಗ ನೋಡಕ್ಕಾಗದೆ ಸಂಕಟದಿಂದ ಒರೆಸಿದ್ರಿ ಅಂದ್ಕೊಂಡೆ, ಸುಮ್ನಾದೆ."

ಅವನ ಮುಖ ನೋಡಿ ಅಕ್ಕ ಹತ್ತಿರ ಬಂದು ಸಮಾಧಾನ ಹೇಳಿದಳು. "ಪರವಾಗಿಲ್ಲ ಬಿಡಿ ಅಣ್ಣ. ಡಬ್ಬಿ ಬದಲಾಯಿಸಿದ್ರೆ ಬೇಕಾಗತ್ತೆ ಅಂತ ಎಲ್ಲಾನೂ ಇನ್ನೊಂದ್ಸಲ ಬರೆದಿಟ್ಟಿದ್ದಾಳೆ. ಸುರುಳಿ ಮೇಲೆ ಹಾಗೇ ಇದೆ, ಆ ಡ್ರಾಯರ್‌ನಲ್ಲಿ. ತೆಗೀಲಾ?"

ಪಾಯಿಂಟಣ್ಣ ಆಗಲೇ ಬೀದಿಗೆ ಬಿದ್ದಿದ್ದ. ತಂತಿ ಕಿತ್ತು ಎಡಗಾಲಿನ ಚಪ್ಪಲಿ ಮೊದಲ ತಿರುವಿನಲ್ಲೇ ಉಳಿಯಿತು. ಒಂದೇ ಕಾಲಿನ ಚಪ್ಪಲಿಯಲ್ಲಿ ವರ್ಕ್‌ಶಾಪಿಗೆ ನುಗ್ಗಿದ. ಯಂತ್ರದ ಹಲಗೆ ಲಕಲಕ ಹೊಳೆಯುತ್ತಿತ್ತು. ಹೋಟೆಲಿನ ಕೆಲಸಕ್ಕೆಂದು ಪೇಂಟರ್ ಅದನ್ನು ಚೊಕ್ಕಟವಾಗಿ ಕೆರೆದು ಕೊಟ್ಟಿದ್ದ. ನಿನಗೆ ತೊಂದರೆ ಆಗಬಾರದು ಅಂತ ಮಧ್ಯಾಹ್ನವೇ ಎಲ್ಲ ಕಿತ್ತುಹಾಕಿದೆ ಎಂದು ಅವನು ಹೆಮ್ಮೆಯಿಂದ ಹೇಳಿದ. ಪಾಯಿಂಟಣ್ಣ ಕಸದ ಡ್ರಮ್ಮನ್ನು ನೆಲಕ್ಕೆ ಬೋರಲು ಹಾಕಿ, ಮಂಡಿಯೂರಿ, ಪ್ಲಾಸ್ಟಿಕ್ ಸಿಬುರು, ಮರದ ಪುಡಿ, ತಾಮ್ರದ ಚೂರುಗಳ ನಡುವೆ ಎರಡೂ ಕೈ ಹಾಕಿದ. ಚೂರುಗಳು ಬೆರಳಿಗೆ ಚುಚ್ಚಿ ರಕ್ತ ಬಂತು.

ಟೇಪಿನ ಪಟ್ಟಿಗಳು ಸಿಕ್ಕಿದವು. ಅಸಿಟೋನ್ ಕುಡಿದು ಉಂಡೆಯಾಗಿದ್ದವು. ಬಿಡಿಸಿದರೆ ಶಾಯಿ ಎಲ್ಲ ಕದಡಿ, ಮೋಡ ಮೋಡ ನೀಲಿ. ಕೊನೆಗೆ ಒಂದೇ ಒಂದು ತುಂಡು ಸಿಕ್ಕಿತು. ಅಂಚು ಕತ್ತರಿಸುವಾಗ ಬಿಟ್ಟು 'ಸಕ್ಕರೆ'ಯ ಪಕ್ಕದಲ್ಲೇ ಸೀಳಿಕೊಂಡು ಹೋಗಿದ್ದರಿಂದ, ತಗಡಿನ ಆಚೆ ಉಳಿದ ಬಾಲ ಅದು. ಅಲ್ಲಿಗೆ ಪೇಂಟರ್ ಸುರಿದ ಅಸಿಟೋನ್ ತಲುಪಿರಲಿಲ್ಲ.

"ಏನಣ್ಣ, ಬೇಕಾದ್ದು ಸಿಕ್ತಾ?" ಎಂದ ಪೇಂಟರ್.

ಪಾಯಿಂಟಣ್ಣ ಬೆಳಕಿಗೆ ಹಿಡಿದ. ಸಣ್ಣಗೆ, ಓರೆಯಾಗಿ ಬರೆದಿತ್ತು: "ನಿಮಗಲ್ಲ."

ಅದನ್ನು ಪರ್ಸಿನಲ್ಲಿಟ್ಟು, ಮನೆಗೆ ಬಂದು, ಸಕ್ಕರೆ ಡಬ್ಬಿಗೆ ಅಂಟಿಸಿದ. ಟೇಪಿನ ಅಂಟು ಸತ್ತಿತ್ತು. ಬಿತ್ತು. ಮತ್ತೆ ಅಂಟಿಸಿದ, ಮತ್ತೆ ಬಿತ್ತು. ಗೋಡೆಯ ಮೇಲೆ ಟೈಲರ್ ಅಕ್ಕನ ದುಂಡು ಅಕ್ಷರ ಥಳಥಳ ಹೊಳೆಯುತ್ತಿತ್ತು. ಅಕ್ಕ ಎದುರುಮನೆಯಿಂದ ಸಕ್ಕರೆ ಹಾಕದ ಚಹಾ ತಂದಾಗ ಅವನು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಆ ತುಂಡು ಬೀಳದ ಹಾಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕುಳಿತಿದ್ದ. ಲೋಟ ಇಸಿದುಕೊಳ್ಳಲು ಕೈಗೆ ಬಿಡುವಿರಲಿಲ್ಲ.